ಚಕ್ಕುಬಂದಿಯವರಿಗೆ ಮಾತೇ ಇಲ್ಲವೆ?

ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದ ಒಂದು ಜಾಹೀರಾತು ಬರುತ್ತೆ. ‘ಸ್ವಾಧೀನತಾ ನೋಟೀಸು’ ಅಂತ ತಲೆಬರಹ. ಸಾಲಗಾರರ ಹೆಸರು, ಜಾಮೀನುದಾರರ ಹೆಸರು, ಬಾಕಿ ಎಷ್ಟು, ಕೊನೆಗೆ ಮನೆಯ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಖಾಲಿ ನಿವೇಶನ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಓಣಿ. ಬಸ್ಸಿನಲ್ಲಿ ಕೂತವರು ಅದನ್ನು ದಾಟಿ ಸಿನಿಮಾ ಪುಟಕ್ಕೆ ಹೋಗ್ತಾರೆ. ಮಾರನೇ ದಿನ ಅಂಗಡಿಯವರು ಅದೇ ಹಾಳೆಯಲ್ಲಿ ಬೆಲ್ಲ ಕಟ್ಟಿಕೊಡ್ತಾರೆ.

ಆ ಚಕ್ಕುಬಂದಿ ಸಾಲನ್ನು ಒಮ್ಮೆ ನಿಧಾನವಾಗಿ ಓದಬೇಕು. ಮನೆಯ ಗುರುತು ಹೇಳೋದಕ್ಕೆ ನೆರೆಯವರ ಹೆಸರು ಬೇಕು. ಆದರೆ ಆ ಮನೆ ಮುಂದೇನಾಗಬೇಕು ಅನ್ನೋ ಪ್ರಶ್ನೆ ಬಂದಾಗ ಅದೇ ನೆರೆಯವರನ್ನು ಕೇಳೋರು ಯಾರೂ ಇಲ್ಲ. ಬ್ಯಾಂಕು ಒಂದು ಕಡೆ, ಸಾಲಗಾರರು ಇನ್ನೊಂದು ಕಡೆ, ನಡುವೆ ಹರಾಜಿನಲ್ಲಿ ಕೂಗುವವರು. ಬೀದಿಯವರು ಸುಮ್ಮನೆ ನೋಡ್ತಾ ನಿಲ್ಲಬೇಕು.

ಇದು ಹೀಗೇ ಇರಬೇಕಾದ್ದಿಲ್ಲ ಅಂತ ತೋರಿಸಿಕೊಟ್ಟ ಊರುಗಳಿವೆ. ಅವು ಇರೋದು ಅಮೆರಿಕದಲ್ಲಿ. ಸಿಕ್ಕಸಿಕ್ಕವರಿಗೆ ಸಾಲ ಕೊಟ್ಟು ಲಕ್ಷಾಂತರ ಮನೆ ಜಪ್ತಿ ಮಾಡಿದ ದೇಶ ಅದು. ಜಪ್ತಿಯಾದ ಮನೆಯನ್ನು ಬೀದಿಗೆ ವಾಪಸು ತರೋದು ಹೇಗೆ ಅಂತ ದಾರಿ ಹುಡುಕಿದವರೂ ಅಲ್ಲಿಯವರೇ. ಆ ದಾರಿಯ ಒಂದು ಎಳೆ ಮೈಸೂರಿನ ಪಕ್ಕದ ಇಲವಾಲಕ್ಕೂ ಬಂದು ಮುಟ್ಟುತ್ತೆ. ಆ ಮಾತು ಆಮೇಲೆ.

ಖಾಲಿ ಮನೆಯ ಖರ್ಚು ಯಾರದು?

ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಒಂದು ಕಾಲಕ್ಕೆ ಉಕ್ಕಿನ ಊರು. 1950ರ ಜನಗಣತಿಯಲ್ಲಿ ಅಲ್ಲಿದ್ದವರು 9,14,808 ಮಂದಿ. 2020ರಲ್ಲಿ ಉಳಿದವರು 3,72,624. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಕೈಲಾದವರು ಊರು ಬಿಟ್ಟರು. ಉಳಿದವರ ಮನೆಬಾಗಿಲಿಗೆ 2000ದ ಈಚೆಗೆ ಸಾಲದ ಏಜೆಂಟರು ಬಂದರು. ಮೊದಲೆರಡು ವರ್ಷ ಹಗುರ ಕಂತು, ಆಮೇಲೆ ಇದ್ದಕ್ಕಿದ್ದ ಹಾಗೆ ಏರೋ ಬಡ್ಡಿ. ಎಷ್ಟೋ ಕಡೆ ಸಂಬಳ ಎಷ್ಟು ಅಂತ ಸರಿಯಾಗಿ ವಿಚಾರಿಸಲೂ ಇಲ್ಲ. ಯಾಕೆ ವಿಚಾರಿಸಬೇಕು? ಸಾಲದ ಪತ್ರಗಳನ್ನು ಕಟ್ಟು ಕಟ್ಟಾಗಿ ನ್ಯೂಯಾರ್ಕಿನ ವಾಲ್ ಸ್ಟ್ರೀಟಿಗೆ ಮಾರಿದರೆ ಸಾಲ ಕೊಟ್ಟವರ ಜವಾಬ್ದಾರಿ ಅಲ್ಲಿಗೆ ಮುಗೀತು.

ಕ್ಲೀವ್‌ಲ್ಯಾಂಡ್ ಸೇರಿರೋದು ಕಯಾಹೋಗ ಕೌಂಟಿಗೆ. ಕೌಂಟಿ ಅಂದರೆ ಇಲ್ಲಿನ ಜಿಲ್ಲೆ ಇದ್ದ ಹಾಗೆ. 2007ನೇ ಇಸವಿ ಒಂದರಲ್ಲೇ ಅಲ್ಲಿನ ಕೋರ್ಟಿಗೆ ಬಂದ ಮನೆ ಜಪ್ತಿಯ ದಾವೆಗಳು 15 ಸಾವಿರದ ಆಸುಪಾಸು. ಸ್ಲಾವಿಕ್ ವಿಲೇಜ್ ಅನ್ನೋ ಬಡಾವಣೆಯ ಹೆಸರು ಇಡೀ ದೇಶದ ಪೇಪರುಗಳಲ್ಲಿ ಬಂತು, ಕೆಟ್ಟ ಕಾರಣಕ್ಕೆ.

ಮನೆಯವರು ಸಾಮಾನು ಕಟ್ಟಿಕೊಂಡು ಹೊರಟ ಮೇಲೆ ಏನಾಗುತ್ತೆ? ಮೊದಲು ಕಳ್ಳರು ನುಗ್ಗಿ ಗೋಡೆ ಒಡೆದು ತಾಮ್ರದ ಪೈಪು ಕಿತ್ತುಕೊಂಡು ಗುಜರಿಗೆ ಹಾಕ್ತಾರೆ. ಆಮೇಲೆ ಕಿಟಕಿ, ಬಾಗಿಲು, ನೀರು ಕಾಯಿಸೋ ಬಾಯ್ಲರು. ಅಲ್ಲಿನ ಚಳಿಗೆ ಉಳಿದ ಪೈಪಿನ ನೀರು ಹೆಪ್ಪುಗಟ್ಟಿ ಒಡೆದು ನೆಲ ಕೊಳೆಯುತ್ತೆ. ಅಲ್ಲಿ ಮನೆಗಳೆಲ್ಲ ಬಹುಪಾಲು ಮರದವು. ಯಾರೋ ಬೆಂಕಿ ಹಾಕಿದರೆ ಪಕ್ಕದ ಮನೆಗೂ ಹತ್ತುತ್ತೆ. ಶಿಕಾಗೊ ನಗರದ ಲೆಕ್ಕ ಹಿಡಿದು ಇಬ್ಬರು ವಿದ್ವಾಂಸರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಮನೆ ಜಪ್ತಿಯಾದರೆ ಸುತ್ತಲಿನ ಸುಮಾರು ಇನ್ನೂರು ಮೀಟರಿನೊಳಗಿನ ಪ್ರತಿ ಮನೆಯ ಬೆಲೆ ಶೇ. 1ರ ಹತ್ತಿರ ಇಳಿಯುತ್ತೆ ಅಂತ ಅದರ ಸಾರ. ಒಂದು ಪೈಸೆ ಸಾಲ ಮಾಡದವರ ಮನೆಗೂ ಈ ನಷ್ಟ ತಪ್ಪಿದ್ದಲ್ಲ.

ಅಂಗಡಿಯವರ ಲೆಕ್ಕ ಇನ್ನೂ ಸುಲಭ. ಬೀದಿಯಲ್ಲಿ ಹತ್ತು ಮನೆ ಖಾಲಿಯಾದರೆ ಹತ್ತು ಮನೆಯ ಹಾಲು, ಬ್ರೆಡ್ಡು, ಸೋಪಿನ ವ್ಯಾಪಾರ ಹೋಯ್ತು. ಅಂಗಡಿ ಮುಚ್ಚಿದರೆ ಉಳಿದವರು ದೂರ ಹೋಗಬೇಕು. ಬಸ್ಸು ಹತ್ತೋರು ಕಮ್ಮಿಯಾದರೆ ಬಸ್ಸಿನ ಟ್ರಿಪ್ಪೂ ಕಮ್ಮಿ. ಟ್ರಿಪ್ಪು ಕಮ್ಮಿಯಾದರೆ ಇನ್ನೂ ನಾಲ್ಕು ಮನೆಯವರು ಬೇರೆ ಕಡೆ ಬಾಡಿಗೆ ಹುಡುಕ್ತಾರೆ.

ಇದರ ಜೊತೆಗೆ ಇನ್ನೊಂದು ವಿಚಿತ್ರ. ಬ್ಯಾಂಕು ದಾವೆ ಹಾಕುತ್ತೆ, ಮನೆಯವರು ಹೆದರಿ ಮನೆ ಬಿಟ್ಟು ಹೋಗ್ತಾರೆ. ಆಮೇಲೆ ನೋಡಿದರೆ ಮನೆಯ ಬೆಲೆ ನೆಲ ಕಚ್ಚಿದೆ. ಇದನ್ನು ಹರಾಜು ಹಾಕಿ ಏನು ಗಿಟ್ಟೀತು ಅಂತ ಬ್ಯಾಂಕು ಕೇಸನ್ನು ಅರ್ಧಕ್ಕೇ ಕೈಬಿಡುತ್ತೆ. ಈಗ ಮನೆ ಯಾರದು? ಕಾಗದದ ಮೇಲೆ ಬಿಟ್ಟು ಹೋದವರದೇ. ಬೆಳೆದ ಹುಲ್ಲು ಕತ್ತರಿಸದ್ದಕ್ಕೆ ದಂಡ, ತೆರಿಗೆ ಬಾಕಿ ಎಲ್ಲ ಅವರ ಹೆಸರಿಗೇ ಹತ್ತುತ್ತೆ. 2008ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡ್ ನಗರಸಭೆಯೇ 21 ಬ್ಯಾಂಕು, ಹಣಕಾಸು ಸಂಸ್ಥೆಗಳ ಮೇಲೆ ‘ಊರಿಗೆ ಉಪದ್ರವ ಕೊಟ್ಟಿರಿ’ ಅಂತ ದಾವೆ ಹೂಡಿತು. 2009ರಲ್ಲಿ ದಾವೆ ವಜಾ ಆಯ್ತು. 2010ರಲ್ಲಿ ಮೇಲಿನ ಕೋರ್ಟಿನಲ್ಲೂ ಸೋಲು. ಕೋರ್ಟಿನಿಂದ ದಾರಿ ತೆರೆಯಲಿಲ್ಲ.

ಮನೆ ಠೇವಣಿ ಇಡೋ ಬ್ಯಾಂಕು

ದಾರಿ ತೆರೆದಿದ್ದು ಹತ್ತಿರದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನಲ್ಲಿ. ಜನರಲ್ ಮೋಟಾರ್ಸ್ ಕಂಪನಿ 1908ರಲ್ಲಿ ಹುಟ್ಟಿದ ಊರು ಅದು. 1960ರಲ್ಲಿ ಅಲ್ಲಿ 1,96,940 ಜನ, 2020ರಲ್ಲಿ 81,252. ಕಾರು ಕಾರ್ಖಾನೆಗಳು ಹೋದ ಮೇಲೆ ತೆರಿಗೆ ಕಟ್ಟಲಾಗದೆ ಜನ ಬಿಟ್ಟುಹೋದ ಮನೆಗಳ ಸಾಲೇ ಅಲ್ಲಿತ್ತು. ಹಳೇ ಕಾನೂನಿನಲ್ಲಿ ತೆರಿಗೆ ಬಾಕಿಯ ಹಕ್ಕನ್ನೇ ಸಟ್ಟಾ ವ್ಯಾಪಾರಿಗಳಿಗೆ ಮಾರ್ತಿದ್ದರು. ಪತ್ರ ಕೈ ಬದಲಾಗ್ತಾ ಆರೇಳು ವರ್ಷ ಕಳೀತಿತ್ತು, ಅಷ್ಟರಲ್ಲಿ ಮನೆ ಕುಸಿದು ಬೀಳ್ತಿತ್ತು.

1999ರಲ್ಲಿ ಮಿಷಿಗನ್ ಈ ಕಾನೂನು ಬದಲಿಸಿ ಅವಧಿ ಇಳಿಸಿತು. ಬಾಕಿ ಮನೆ ನೇರವಾಗಿ ಕೌಂಟಿ ಖಜಾಂಚಿಯ ಕೈಗೆ ಬರುವ ಹಾಗಾಯ್ತು. ಫ್ಲಿಂಟ್ ಇರುವ ಜೆನೆಸೀ ಕೌಂಟಿಯ ಖಜಾಂಚಿಯಾಗಿದ್ದವರು ಡ್ಯಾನ್ ಕಿಲ್ಡೀ. ಬಂದ ಮನೆಗಳನ್ನು ಹರಾಜಿನಲ್ಲಿ ಸಿಕ್ಕಷ್ಟಕ್ಕೆ ತಳ್ಳಿ ಕೈತೊಳೆದುಕೊಳ್ಳೋದು ಅವರಿಗೆ ಒಪ್ಪಿಗೆಯಾಗಲಿಲ್ಲ. 2002ರಲ್ಲಿ ಅವರು ‘ಲ್ಯಾಂಡ್ ಬ್ಯಾಂಕ್’ ಶುರು ಮಾಡಿದರು. ಹೆಸರು ಬ್ಯಾಂಕು ಅಂತ ಇದ್ದರೂ ಇದು ದುಡ್ಡಿನ ಬ್ಯಾಂಕಲ್ಲ. ಬಿಟ್ಟುಹೋದ ಮನೆ, ನಿವೇಶನಗಳನ್ನು ಠೇವಣಿ ಇಟ್ಟುಕೊಳ್ಳೋ ಸರ್ಕಾರಿ ಸಂಸ್ಥೆ. ಹಳೇ ತಗಾದೆ, ಬಾಕಿ ಎಲ್ಲ ತೊಳೆದು ಪತ್ರ ಚೊಕ್ಕ ಮಾಡುತ್ತೆ. ಆಮೇಲೆ ಒಂದೊಂದು ಮನೆಗೂ ಒಂದೊಂದು ತೀರ್ಮಾನ.

ಗಟ್ಟಿಯಾಗಿರೋ ಮನೆಯನ್ನು ರಿಪೇರಿ ಮಾಡಿ, ಅಲ್ಲೇ ವಾಸಮಾಡೋ ಸಂಸಾರಕ್ಕೆ ಮಾರೋದು. ಕೆಟ್ಟು ನಿಂತಿದ್ದನ್ನು ಕೆಡವೋದು. ಕೆಡವಿದ ಜಾಗವನ್ನು ಪಕ್ಕದ ಮನೆಯವರಿಗೆ ಕಮ್ಮಿ ಬೆಲೆಗೆ ಕೊಡೋದು. ಅವರು ಬೇಲಿ ಹಾಕಿ ಟೊಮೇಟೊ ಬೆಳೀತಾರೋ, ಮಕ್ಕಳಿಗೆ ಉಯ್ಯಾಲೆ ಕಟ್ತಾರೋ ಅವರಿಷ್ಟ. ಯಾರೂ ತಗೊಳ್ಳದ ಜಾಗದ ಹುಲ್ಲು ಕತ್ತರಿಸಿ ಚೊಕ್ಕಟವಾಗಿ ಇಡೋ ಕೆಲಸ ಬೀದಿಯ ಸಂಘಗಳಿಗೆ, ಅದಕ್ಕೆ ಸಂಭಾವನೆಯೂ ಉಂಟು. ಊರಿನ ನಡುವೆ ಡ್ಯುರಾಂಟ್ ಅನ್ನೋ ಎಂಟಂತಸ್ತಿನ ಹೋಟೆಲಿತ್ತು. 1920ರಲ್ಲಿ ಕಟ್ಟಿದ್ದು, 1973ರಲ್ಲಿ ಮುಚ್ಚಿದ್ದು. ಮೂರು ದಶಕ ಕಿಟಕಿ ಒಡೆದುಕೊಂಡು ನಿಂತಿದ್ದ ಆ ಕಟ್ಟಡವನ್ನು ಲ್ಯಾಂಡ್ ಬ್ಯಾಂಕ್ ಕೈಗೆತ್ತಿಕೊಂಡಿತು. 2010ರಲ್ಲಿ ಅದು 93 ಬಾಡಿಗೆ ಮನೆಗಳಾಗಿ ಮತ್ತೆ ತೆರೆಯಿತು.

ದುಡ್ಡು ಎಲ್ಲಿಂದ? ವ್ಯಾಪಾರಸ್ಥರಿಗೆ ಗೊತ್ತಿರೋ ಉಪಾಯವೇ. ಮಾರ್ಕೆಟ್ಟಿನಲ್ಲಿ ಬುಟ್ಟಿ ಹಣ್ಣು ತಂದವರು ಒಳ್ಳೇ ಹಣ್ಣಿನ ಲಾಭದಲ್ಲಿ ಕೊಳೆತ ಹಣ್ಣಿನ ನಷ್ಟ ತುಂಬಿಕೊಳ್ತಾರೆ. ಲ್ಯಾಂಡ್ ಬ್ಯಾಂಕೂ ಹಾಗೇ: ಒಳ್ಳೇ ಮನೆ ಮಾರಿದ ಲಾಭ, ತಡವಾಗಿ ತೆರಿಗೆ ಕಟ್ಟುವವರ ದಂಡ ಬಡ್ಡಿ, ಇವೆರಡನ್ನೂ ಕೆಟ್ಟ ಮನೆಗಳ ಮೇಲೆ ಖರ್ಚು ಮಾಡುತ್ತೆ.

ಫ್ಲಿಂಟನ್ನು ನೋಡಿ ಕಲಿತವರು ಕ್ಲೀವ್‌ಲ್ಯಾಂಡಿನವರು. ಅಲ್ಲಿನ ಕೌಂಟಿ ಖಜಾಂಚಿ ಜಿಮ್ ರೊಕಾಕಿಸ್ ಹಟ ಹಿಡಿದು ಓಹಾಯೊ ಶಾಸನಸಭೆಯಲ್ಲಿ 2008ರ ಕೊನೆಗೆ ಕಾನೂನು ಮಾಡಿಸಿದರು. 2009ರಲ್ಲಿ ಕಯಾಹೋಗ ಲ್ಯಾಂಡ್ ಬ್ಯಾಂಕ್ ಬಾಗಿಲು ತೆರೆಯಿತು. ಮನೆಸಾಲದ ದೈತ್ಯ ಸಂಸ್ಥೆ ಫ್ಯಾನಿ ಮೇ ತನ್ನ ಕೈಲಿದ್ದ ಬೆಲೆ ಬಾಳದ ಮನೆಗಳನ್ನು ತಲಾ ಒಂದು ಡಾಲರಿಗೆ ಅದಕ್ಕೆ ಬಿಟ್ಟುಕೊಟ್ಟಿತು, ಕೆಡವೋ ಖರ್ಚಿಗೂ ಒಂದಿಷ್ಟು ಕೊಟ್ಟಿತು. ಕೇಂದ್ರ ಸರ್ಕಾರವೂ ಸುಮ್ಮನೆ ಕೂರಲಿಲ್ಲ. 2008, 2009, 2010ರ ಮೂರು ಕಾನೂನುಗಳಲ್ಲಿ ಒಟ್ಟು ಸುಮಾರು 700 ಕೋಟಿ ಡಾಲರನ್ನು ಜಪ್ತಿಯಾದ, ಬಿಟ್ಟುಹೋದ ಮನೆಗಳನ್ನು ಕೊಂಡು ಸರಿಪಡಿಸೋದಕ್ಕೆ ಅಂತಲೇ ಊರುಗಳಿಗೆ, ರಾಜ್ಯಗಳಿಗೆ ಹಂಚಿತು.

ಒಂದು ಡಾಲರಿನ ಮನೆ ಅಮೆರಿಕಕ್ಕೆ ಹೊಸದೇನಲ್ಲ. 1973ರಲ್ಲೇ ಡೆಲಾವೇರ್ ರಾಜ್ಯದ ವಿಲ್ಮಿಂಗ್ಟನ್ ನಗರಸಭೆ, ಅದರ ಹಿಂದೆಯೇ ಬಾಲ್ಟಿಮೋರ್ ನಗರಸಭೆ, ಬಿಟ್ಟುಹೋದ ಮನೆಗಳನ್ನು ನೆಪಮಾತ್ರದ ಬೆಲೆಗೆ ಕೊಟ್ಟವು. ಷರತ್ತು ಒಂದೇ: ರಿಪೇರಿ ಮಾಡಿಸಬೇಕು, ತಾವೇ ವಾಸ ಇರಬೇಕು.

ಇದರಿಂದ ಬೀದಿಗೇನು ಬಂತು? ಫಿಲಡೆಲ್ಫಿಯಾ ನಗರದಲ್ಲಿ 541 ಪಾಳುಜಾಗಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ, ಕೆಲವನ್ನು ಕಸ ತೆಗೆದು ಹುಲ್ಲು, ಗಿಡ ನೆಟ್ಟು ಸಣ್ಣ ಬೇಲಿ ಹಾಕಿದರು, ಕೆಲವನ್ನು ಇದ್ದ ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಪ್ರಕಟವಾಯ್ತು. ಚೊಕ್ಕ ಮಾಡಿದ ಜಾಗಗಳ ಸುತ್ತ, ಬಡವರೇ ಇರೋ ಕೇರಿಗಳಲ್ಲಿ, ಬಂದೂಕಿನ ಹಿಂಸೆ ಶೇ. 29ರಷ್ಟು ಇಳಿದಿತ್ತು. ಒಂದು ಬೇಲಿ, ನಾಲ್ಕು ಗಿಡಕ್ಕೆ ಇಷ್ಟು ಫಲ. ‘ಈ ಜಾಗ ನೋಡಿಕೊಳ್ಳೋರು ಇದ್ದಾರೆ’ ಅಂತ ಗೊತ್ತಾದರೆ ಪುಂಡರು ಬೇರೆ ಕಡೆ ನೋಡ್ತಾರೆ.

ಓಕ್‌ಲ್ಯಾಂಡಿನಿಂದ ಇಲವಾಲಕ್ಕೆ

ಫ್ಲಿಂಟ್, ಕ್ಲೀವ್‌ಲ್ಯಾಂಡಿನಲ್ಲಿ ಮನೆಗೆ ಗಿರಾಕಿ ಇಲ್ಲದ ಕಷ್ಟ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನಲ್ಲಿ ಗಿರಾಕಿ ಹೆಚ್ಚಾದ ಕಷ್ಟ. ಅಲ್ಲಿ ಜಪ್ತಿಯಾದ ಮನೆಗಳನ್ನು ಕಂಪನಿಗಳು ಹರಾಜಿನಲ್ಲಿ ಎತ್ತಿಕೊಂಡು, ಬಣ್ಣ ಬಳಿದು, ದುಬಾರಿಗೆ ಮಾರ್ತವೆ. ಮಾರೋ ತನಕ ಮನೆ ಖಾಲಿ. ಹೊರಗೆ ಫುಟ್‌ಪಾತಿನಲ್ಲಿ ಡೇರೆ ಹಾಕಿಕೊಂಡ ಜನ.

2019ರ ನವೆಂಬರಿನಲ್ಲಿ ಸ್ವಂತ ಸೂರಿಲ್ಲದ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಅಂಥ ಒಂದು ಖಾಲಿ ಮನೆಗೆ ಹೋಗಿ ಕೂತೇ ಬಿಟ್ಟರು. ಕಾನೂನಿನ ಪ್ರಕಾರ ಅದು ತಪ್ಪೇ. 2020ರ ಜನವರಿ 14ರ ನಸುಕಿನಲ್ಲಿ ಸಶಸ್ತ್ರ ಪೊಲೀಸರು ಕವಚದ ವಾಹನ ತಂದು ಅವರನ್ನು ಎಬ್ಬಿಸಿದರು. ಊರಿಗೆ ಊರೇ ಛೀ ಅಂದ ಮೇಲೆ ಒಂದೇ ವಾರದಲ್ಲಿ ಕಂಪನಿ ಆ ಮನೆಯನ್ನು ಓಕ್‌ಲ್ಯಾಂಡ್ ಸಮುದಾಯ ಭೂ ಟ್ರಸ್ಟಿಗೆ ಮಾರೋದಕ್ಕೆ ಒಪ್ಪಿತು. ಅದೇ ವರ್ಷ ರಾಜ್ಯದಲ್ಲಿ ಹೊಸ ಕಾನೂನು ಬಂತು. ಜಪ್ತಿ ಮನೆಗಳನ್ನು ಕಟ್ಟು ಕಟ್ಟಾಗಿ ಒಟ್ಟಿಗೆ ಹರಾಜು ಹಾಕೋ ಹಾಗಿಲ್ಲ. ಹರಾಜಿನಲ್ಲಿ ಕೊನೆ ಕೂಗು ಬಿದ್ದ ಮೇಲೂ 45 ದಿನ ಅವಕಾಶ. ಆ ಮನೆಯಲ್ಲೇ ಇರೋ ಬಾಡಿಗೆದಾರರು ಅಷ್ಟೇ ಬೆಲೆ ಕೊಟ್ಟರೆ ಮನೆ ಅವರದು. ವಾಸಕ್ಕೆ ಬೇಕಾದ ಸಂಸಾರವೋ, ಲಾಭಕ್ಕಲ್ಲದ ಸಂಸ್ಥೆಯೋ, ನಗರಸಭೆಯೋ ಸ್ವಲ್ಪ ಮೇಲೆ ಕೊಟ್ಟರೆ ಅವರಿಗೆ.

ಈ ಭೂ ಟ್ರಸ್ಟು ಅಂದರೇನು? ನೆಲ ಯಾವತ್ತಿಗೂ ಟ್ರಸ್ಟಿನದು. ಅದರ ಮೇಲಿನ ಮನೆ ಮಾತ್ರ ಸಂಸಾರದ್ದು. ಮುಂದೆ ಮಾರೋದಾದರೆ ಟ್ರಸ್ಟು ಗೊತ್ತುಮಾಡಿದ ಲೆಕ್ಕದಲ್ಲೇ ಮಾರಬೇಕು. ಹೀಗಾಗಿ ಮನೆ ಸಟ್ಟಾಬಾಜಿಗೆ ಸಿಕ್ಕೋದಿಲ್ಲ, ಮುಂದಿನ ಬಡ ಸಂಸಾರಕ್ಕೂ ಕೈಗೆಟುಕುತ್ತೆ.

ಅಮೆರಿಕದಲ್ಲಿ ಇಂಥ ಮೊದಲ ಟ್ರಸ್ಟು ಶುರುವಾಗಿದ್ದು 1969ರಲ್ಲಿ, ಜಾರ್ಜಿಯಾ ರಾಜ್ಯದಲ್ಲಿ. ವೋಟಿನ ಹಕ್ಕು ಕೇಳಿದ್ದಕ್ಕೆ ಬಿಳಿಯ ಜಮೀನ್ದಾರರು ಕರಿಯ ರೈತರನ್ನು ಗುಡಿಸಲು ಸಮೇತ ಎಬ್ಬಿಸ್ತಿದ್ದ ಕಾಲ. ಚಾರ್ಲ್ಸ್ ಶೆರಾಡ್, ಸ್ಲೇಟರ್ ಕಿಂಗ್, ರಾಬರ್ಟ್ ಸ್ವಾನ್ ಮುಂತಾದವರು ಸೇರಿ ‘ನ್ಯೂ ಕಮ್ಯುನಿಟೀಸ್’ ಅಂತ ಕಟ್ಟಿ ಐದು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ಕೊಂಡರು. ಇಸ್ರೇಲಿನ ಸಹಕಾರಿ ಹಳ್ಳಿಗಳನ್ನು ನೋಡಿ ಬಂದರು. ಅವರ ಕಣ್ಣ ಮುಂದಿದ್ದ ಇನ್ನೊಂದು ಮಾದರಿ ವಿನೋಬಾ ಭಾವೆಯವರ ಗ್ರಾಮದಾನ. ಊರಿನ ನೆಲ ಊರಿನದು, ಉಳುಮೆ ಸಂಸಾರದ್ದು ಅನ್ನೋ ತತ್ವ.

ಆ ಗ್ರಾಮದಾನಕ್ಕೆ ಪಕ್ಷಭೇದವಿಲ್ಲದೆ ದೇಶದ ನಾಯಕರ ಬೆಂಬಲ ಸಿಕ್ಕಿದ್ದು 1957ರ ಸೆಪ್ಟೆಂಬರಿನಲ್ಲಿ, ಹುಣಸೂರು ಬಸ್ಸಿನಲ್ಲಿ ಓಡಾಡುವವರೆಲ್ಲ ದಿನಾ ದಾಟಿಹೋಗೋ ಇಲವಾಲದ ಪರಿಷತ್ತಿನಲ್ಲಿ. ಪ್ರಧಾನಿ ನೆಹರೂ ಬಂದಿದ್ದರು. ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡರೂ ಬಂದಿದ್ದರು.

ಜಾರ್ಜಿಯಾದ ಕಥೆ ಸುಖವಾಗಿ ಮುಗೀಲಿಲ್ಲ. ಬರಗಾಲ ಬಂತು, ಸರ್ಕಾರಿ ಕೃಷಿ ಸಾಲ ಇವರಿಗೆ ಸಕಾಲಕ್ಕೆ ಸಿಗಲಿಲ್ಲ. 1985ರಲ್ಲಿ ಆ ಜಮೀನೇ ಸಾಲಕ್ಕೆ ಜಪ್ತಿಯಾಯ್ತು. ಬಣ್ಣ ನೋಡಿ ಸಾಲ ತಡೆದರು ಅಂತ ತೀರ್ಮಾನವಾಗಿ 2009ರಲ್ಲಿ ಸುಮಾರು 1.2 ಕೋಟಿ ಡಾಲರ್ ಪರಿಹಾರ ಸಿಕ್ಕಿತು. 2011ರಲ್ಲಿ ಅವರು ಬೇರೆ ಜಮೀನು ಕೊಂಡು ಮತ್ತೆ ಶುರು ಮಾಡಿದರು.

ಎಂಟು ಡಾಲರ್ ನಲವತ್ತೊಂದು ಸೆಂಟು

ಇಷ್ಟೆಲ್ಲ ಹೊಗಳಿದ ಮೇಲೆ ಹುಳುಕನ್ನೂ ಹೇಳಬೇಕು. ಫ್ಲಿಂಟಿಗೆ ಅನುಕೂಲ ಮಾಡಿಕೊಟ್ಟ ಅದೇ 1999ರ ಮಿಷಿಗನ್ ಕಾನೂನು ಇನ್ನೊಂದು ಕೌಂಟಿಯಲ್ಲಿ ಏನು ಮಾಡಿತು ನೋಡಿ. ನಿವೃತ್ತಿ ಕಾಲಕ್ಕೆ ಬಾಡಿಗೆ ಬರಲಿ ಅಂತ ಒಬ್ಬ ವೃದ್ಧರು ಒಂದು ಮನೆ ಕೊಂಡಿದ್ದರು. ತೆರಿಗೆ ಕಟ್ಟಿದರು, ಬಡ್ಡಿ ಲೆಕ್ಕದಲ್ಲಿ ತಪ್ಪಿ 8 ಡಾಲರ್ 41 ಸೆಂಟು ಉಳೀತು. ಅಷ್ಟಕ್ಕೇ ಕೌಂಟಿ ಮನೆ ಕಿತ್ತುಕೊಂಡು 24,500 ಡಾಲರಿಗೆ ಮಾರಿತು. ಬಾಕಿ, ದಂಡ, ಖರ್ಚು ಎಲ್ಲ ಸೇರಿ ಮುನ್ನೂರು ಡಾಲರೂ ಆಗಿರಲಿಲ್ಲ. ಉಳಿದ ಹಣವನ್ನೂ ಕೌಂಟಿಯೇ ನುಂಗಿತು. 2020ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂತು. 2023ರಲ್ಲಿ ಮಿನ್ನೆಸೋಟ ರಾಜ್ಯದ 94 ವರ್ಷದ ಅಜ್ಜಿಯೊಬ್ಬರ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನೇ ಹೇಳಿತು: ಬಾಕಿ ಎಷ್ಟೋ ಅಷ್ಟು ಮಾತ್ರ ಸರ್ಕಾರದ್ದು, ಮಿಕ್ಕಿದ್ದು ಮನೆಯವರದು.

ಬೀದಿಯ ಹೆಸರು ಹೇಳಿಕೊಂಡು ಬಡವರ ಮನೆ ಲೂಟಿ ಮಾಡಬಾರದು. ಮನೆಯವರನ್ನು ಉಳಿಸೋ ಪ್ರಯತ್ನ ಮೊದಲು. ಅದು ಆಗದೇ ಹೋದಾಗ ಮಾತ್ರ ಉಳಿದದ್ದು.

ಇಲ್ಲಿ ಏನಾಗಬೇಕು?

‘ಸಾಲ ತಗೊಂಡೋರು ಕಟ್ಟಬೇಕಪ್ಪ, ಬ್ಯಾಂಕೇನು ಧರ್ಮಛತ್ರವೇ?’ ಅಂತ ಅಂಗಡಿಯವರು ಕೇಳಬಹುದು. ಉದ್ರಿ ಕೊಟ್ಟು ಕೈಸುಟ್ಟುಕೊಂಡವರು ಕೇಳೋದು ನ್ಯಾಯವೇ. ಆದರೆ ಇಲ್ಲಿ ಸಾಲ ಮನ್ನಾ ಮಾಡಿ ಅಂತ ಯಾರೂ ಹೇಳ್ತಿಲ್ಲ. ಬ್ಯಾಂಕಿಗೆ ಅದರ ಬೆಲೆ ಬರಲಿ. ಮನೆ ಯಾರ ಕೈಗೆ ಹೋಗಬೇಕು, ಹೋಗೋ ತನಕ ಹೇಗಿರಬೇಕು ಅನ್ನೋದಷ್ಟೇ ಪ್ರಶ್ನೆ.

ಭಾರತದಲ್ಲಿ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು 60 ದಿನದ ನೋಟೀಸು ಕೊಟ್ಟು, ಬಾಕಿ ಬಾರದಿದ್ದರೆ ಮನೆ ಸ್ವಾಧೀನ ಮಾಡಿಕೊಂಡು ಹರಾಜು ಹಾಕಬಹುದು. ಬಾಕಿ, ಖರ್ಚು ಕಳೆದು ಮಿಕ್ಕಿದ್ದನ್ನು ಹಕ್ಕುದಾರರಿಗೆ ಹಿಂದಿರುಗಿಸಬೇಕು ಅಂತಲೂ ಅದರಲ್ಲಿದೆ. ಮಿಷಿಗನ್‌ನವರಿಗೆ 2020ರಲ್ಲಿ ಸಿಕ್ಕ ನ್ಯಾಯ ಇಲ್ಲಿ ಕಾಯ್ದೆಯಲ್ಲೇ ಇದೆ, ಒಳ್ಳೇದು. ಇಲ್ಲದೇ ಇರೋದು ಬೀದಿಗೆ ಒಂದು ಮಾತು. ಹರಾಜಿನಲ್ಲಿ ನಗರಸಭೆಗಾಗಲಿ, ಸಹಕಾರ ಸಂಘಕ್ಕಾಗಲಿ, ಪಕ್ಕದ ಮನೆಯವರಿಗಾಗಲಿ ಮೊದಲು ಕೊಳ್ಳೋ ಹಕ್ಕು ಇಲ್ಲ.

ಕೇಳಬೇಕಾದ್ದು ಮೂರು. ಒಂದು, ಕ್ಯಾಲಿಫೋರ್ನಿಯಾದ ಹಾಗೆ ಹರಾಜಾದ ಮೇಲೆ 45 ದಿನ, ವಾಸಕ್ಕೆ ಬೇಕಾದವರಿಗೆ, ನಗರಸಭೆಗೆ, ಸಂಘಗಳಿಗೆ ಅವಕಾಶ. ಎರಡು, ಬೀಗ ಹಾಕಿದ ಬ್ಯಾಂಕೇ ಆ ಮನೆಯ ಕಸ, ಗಿಡಗಂಟಿ, ತೊಟ್ಟಿಯ ಸೊಳ್ಳೆಗೆ ಜವಾಬ್ದಾರಿ ಹೊರಬೇಕು. ಜವಾಬ್ದಾರರ ಫೋನ್ ನಂಬರು ಬಾಗಿಲ ಮೇಲೇ ಇರಬೇಕು. ಮೂರು, ಎರಡು ಮೂರು ಸಲ ಹರಾಜಾದರೂ ಯಾರೂ ಕೂಗದ ಮನೆಯನ್ನು ಹಿಡಿದಿಟ್ಟು ಅಂಗನವಾಡಿಗೋ, ವಾಚನಾಲಯಕ್ಕೋ, ಬಡ ಸಂಸಾರದ ಬಾಡಿಗೆಗೋ ಕೊಡೋ ಒಂದು ಸಂಸ್ಥೆ ಜಿಲ್ಲೆಗೊಂದು ಬೇಕು. ಸಂಘ ಕಟ್ಟೋದನ್ನು ಈ ನಾಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದವರು.

ಮುಂದಿನ ಸಲ ಪೇಪರಿನಲ್ಲಿ ಆ ನೋಟೀಸು ಕಂಡಾಗ ಬೆಲ್ಲ ಕಟ್ಟೋ ಮೊದಲು ಒಮ್ಮೆ ಓದಿ. ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾರದು ಅಂತ ನೋಡಿ. ಗುರುತಿಗೆ ಬೇಕಾದವರನ್ನು ಒಂದು ಮಾತು ಕೇಳೋದಕ್ಕೆ ಕಾನೂನಿಗೆ ಏನು ಕಷ್ಟ?